ಅಮ್ಮನ ಫೋನ್‌ಗೆ ಎಕ್ಸ್‌ಪೈರಿ ಡೇಟ್ ಹಾಕಿದ್ದು ಯಾರು?

ಕಳೆದ ವಾರ ಎಪಿಸೋಡ್ ಬರಲಿಲ್ಲ. "ಏನ್ ಗುರೂ, ಅಂಗಡಿ ಮುಚ್ಚಿದ್ಯಾ" ಅಂತ ಮೆಸೇಜ್ ಹಾಕಿದವರಿಗೆಲ್ಲ ಥ್ಯಾಂಕ್ಸ್. ಅಂಗಡಿ ಮುಚ್ಚಿಲ್ಲ. ಕಳೆದ ವಾರ ನಾನು ಅರಸೀಕೆರೆಯ ಮನೆಯಲ್ಲಿ ಅಮ್ಮನ ಫೋನ್ ಹಾಳು ಮಾಡ್ತಾ ಕೂತಿದ್ದೆ. "ಹಾಳು ಮಾಡ್ತಾ" ಅನ್ನೋದು ಅಮ್ಮನ ಮಾತು. ನನ್ನ ಪ್ರಕಾರ ನಾನು ರಿಪೇರಿ ಮಾಡ್ತಿದ್ದೆ. ಯಾರು ಸರಿ ಅನ್ನೋದು ಈ ಎಪಿಸೋಡ್ ಮುಗಿಯೋ ಹೊತ್ತಿಗೂ ತೀರ್ಮಾನ ಆಗುತ್ತೆ ಅಂತ ಅನ್ನಿಸ್ತಿಲ್ಲ.

ಅಮ್ಮ ಮನೆಯಲ್ಲೇ ಬ್ಲೌಸ್ ಹೊಲೀತಾರೆ, ಸೀರೆಗೆ ಕುಚ್ಚು ಹಾಕ್ತಾರೆ. ಅವರ ಫೋನ್ 2020ರಲ್ಲಿ ತಗೊಂಡಿದ್ದು, ಲಾಕ್‌ಡೌನ್ ಸಮಯದಲ್ಲಿ, ಹನ್ನೆರಡು ಸಾವಿರ ಕೊಟ್ಟು. ಸ್ಕ್ರೀನ್ ಮೇಲೆ ಒಂದು ಗೀರು ಕೂಡ ಇಲ್ಲ. ಬ್ಯಾಟರಿ ಮಾತ್ರ ಹೋಗಿತ್ತು, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಹೊಸದು ಹಾಕಿಸಿದ್ವಿ. ಅಂದರೆ ವಸ್ತು ಗಟ್ಟಿಯಾಗಿದೆ. ಆದರೆ ಊರಿಗೆ ಹೋದಾಗ ಸುಮ್ಮನೆ ಸೆಟ್ಟಿಂಗ್ಸ್ ತೆಗೆದು ನೋಡಿದ್ರೆ, ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ಬಂದಿದ್ದು 2022ರಲ್ಲಿ! ಆಮೇಲೆ ಇಲ್ಲ. ಕಂಪನಿ ಹೆಸರು ಹೇಳಲ್ಲ, ಹೇಳಿದ್ರೂ ಪ್ರಯೋಜನ ಇಲ್ಲ. ಆ ಬೆಲೆಯ ಫೋನ್‌ಗಳಲ್ಲಿ ಎರಡು ಮೂರು ವರ್ಷಕ್ಕೆ ಕೈಬಿಡೋದು ಹೊಸ ವಿಷಯ ಅಲ್ಲ.

ನಾನು ಬಿ.ಕಾಂ. ಓದಿದವನು. ನಮಗೆ ಡಿಪ್ರಿಸಿಯೇಷನ್ ಅಂತ ಒಂದು ಅಧ್ಯಾಯ ಇತ್ತು, ಕನ್ನಡದಲ್ಲಿ ಸವಕಳಿ. ಒಂದು ಮೆಷಿನ್ ತಗೊಂಡ್ರೆ ಅದು ಎಷ್ಟು ವರ್ಷ ಕೆಲಸಕ್ಕೆ ಬರುತ್ತೆ ಅಂತ ಅಂದಾಜು ಹಾಕಿ, ಪ್ರತಿವರ್ಷ ಅದರ ಬೆಲೆಯಿಂದ ಇಷ್ಟಿಷ್ಟು ಕಳೀತಾ ಹೋಗೋದು. ಆ ಅಂದಾಜು ಮಾಡೋನು ಯಾರು? ಮೆಷಿನ್ ಕೊಂಡ ಮಾಲೀಕ. ಅಮ್ಮನ ಹೊಲಿಗೆ ಯಂತ್ರಕ್ಕೆ ನನಗಿಂತ ಜಾಸ್ತಿ ವಯಸ್ಸಾಗಿದೆ, ಎಣ್ಣೆ ಬಿಟ್ರೆ ಈಗಲೂ ಓಡುತ್ತೆ. ಫೋನ್ ವಿಷಯದಲ್ಲಿ ಮಾತ್ರ ಆ ಅಂದಾಜನ್ನ ಮಾರಿದವನೇ ಮಾಡ್ತಾನೆ. ಎಷ್ಟು ವರ್ಷ ಅಂತ ಮೊದಲೇ ಹೇಳಲೇಬೇಕು ಅಂತಲೂ ಇಲ್ಲ.

ಸರಿ, ನಾನೇನ್ ಮಾಡಿದೆ? ಆ ಫೋನ್‌ನಲ್ಲಿ ಕಂಪನಿ ಹಾಕಿ ಕೊಟ್ಟಿದ್ದ ಸಾಫ್ಟ್‌ವೇರ್ ತೆಗೆದು ಲೀನಿಯೇಜ್ ಓಎಸ್ ಅನ್ನೋದನ್ನ ಹಾಕೋಣ ಅಂದುಕೊಂಡೆ. ಇದು ಉಚಿತ, ಓಪನ್ ಸೋರ್ಸ್. ಜಗತ್ತಿನ ಬೇರೆ ಬೇರೆ ಕಡೆ ಕೂತ ಸ್ವಯಂಸೇವಕರು ಕಂಪನಿಗಳು ಕೈಬಿಟ್ಟ ಫೋನ್‌ಗಳಿಗೆ ಹೊಸ ಆಂಡ್ರಾಯ್ಡ್ ಹೊಂದಿಸಿ ಕೊಡ್ತಾರೆ. ಅಮ್ಮನ ಮಾಡೆಲ್ಲೂ ಪಟ್ಟಿಯಲ್ಲಿತ್ತು. ಆದರೆ ಹಾಕೋಕೆ ಮೊದಲು ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕು. ಮನೆ ಬೀಗ ಅಂದುಕೊಳ್ಳಿ. ಮನೆ ನಮ್ಮದು, ಬೀಗದ ಕೈ ಕಂಪನಿ ಹತ್ತಿರ. ಅರ್ಜಿ ಹಾಕಿ ಒಂದು ವಾರ ಕಾಯಬೇಕಿತ್ತು. ಹಿಂದಿನ ಸಲ ಊರಿಗೆ ಹೋದಾಗಲೇ ಅರ್ಜಿ ಹಾಕಿ ಬಂದಿದ್ದೆ. ಕಳೆದ ವಾರ ಹೋಗಿ, ಫೋಟೋ ಎಲ್ಲ ಲ್ಯಾಪ್‌ಟಾಪ್‌ಗೆ ಹಾಕಿಕೊಂಡು, ಒಂದು ಸಂಜೆಯಲ್ಲಿ ಕೆಲಸ ಮುಗಿಸಿದೆ. ಹೊಸ ಆಂಡ್ರಾಯ್ಡ್ ಬಂತು, ಸೆಕ್ಯುರಿಟಿ ಅಪ್‌ಡೇಟ್ ತೀರಾ ಇತ್ತೀಚಿನದು, ಫೋನ್ ಚುರುಕಾಯ್ತು. ಅಮ್ಮನೂ ಖುಷಿ. "ಪರವಾಗಿಲ್ಲ ಕಣೋ, ನಿನ್ನ ಓದು ಏನಕ್ಕೋ ಬಂತು" ಅಂದ್ರು. ಬಿ.ಕಾಂ.ಗೂ ಇದಕ್ಕೂ ಸಂಬಂಧ ಇಲ್ಲ, ನಾನು ತಿದ್ದೋಕೆ ಹೋಗಲಿಲ್ಲ.

ಸೋಮವಾರ ಬೆಳಗ್ಗೆ ಅಮ್ಮ ಬ್ಯಾಂಕ್ ಆಪ್ ತೆಗೆದ್ರು. "ನಿಮ್ಮ ಸಾಧನ ಸುರಕ್ಷಿತವಲ್ಲ" ಅನ್ನೋ ಅರ್ಥದ ಇಂಗ್ಲಿಷ್ ಸಾಲು ಬಂತು, ಆಪ್ ಮುಚ್ಚಿಕೊಳ್ತು. ಇನ್ನೊಂದು ಸಲ, ಮತ್ತೆ ಅದೇ. ಹಣ ಕಳಿಸೋಕೆ ಬಳಸ್ತಿದ್ದ ಯುಪಿಐ ಆಪ್ ಕೂಡ ಅದೇ ರಾಗ.

ಇದರ ಮಜಾ ಏನು ಗೊತ್ತಾ? ದುಡ್ಡು ಬರ್ತಾ ಇತ್ತು. ಗಿರಾಕಿಗಳು ಕ್ಯೂಆರ್ ಸ್ಕ್ಯಾನ್ ಮಾಡ್ತಿದ್ರು, ಆ ಸ್ಪೀಕರ್ ಡಬ್ಬ ಇನ್ನೂರು ಬಂತು, ಮುನ್ನೂರೈವತ್ತು ಬಂತು ಅಂತ ಕೂಗ್ತಾನೇ ಇತ್ತು. ಆದರೆ ಬಂದ ದುಡ್ಡನ್ನ ಅಮ್ಮನಿಗೆ ನೋಡೋಕೂ ಆಗ್ತಿರಲಿಲ್ಲ, ಕಳಿಸೋಕೂ ಆಗ್ತಿರಲಿಲ್ಲ. ರೇಷ್ಮೆ ದಾರ, ಮಣಿ ಕೊಡೋ ಅಂಗಡಿಯವರು ಬಾಕಿ ಕೇಳೋಕೆ ಬಂದಾಗ ಸಾಸಿವೆ ಡಬ್ಬಿಯಿಂದ ನೋಟು ತೆಗೆದು ಕೊಟ್ರು. ಆಮೇಲೆ ನನ್ನ ಕಡೆ ತಿರುಗಿ, "ದುಡ್ಡು ನಂದು, ಫೋನ್ ನಂದು. ನಡುವೆ ಇದ್ಯಾವನೋ ಇವನು?" ಅಂದ್ರು.

ಈ ಎಪಿಸೋಡ್ ಪೂರ್ತಿ ಆ ಪ್ರಶ್ನೆಗೇ.

ಮೊದಲು ಒಂದು ವಿಷಯ ಗಮನಿಸಿ. 2022ರ ನಂತರ ಒಂದೂ ಅಪ್‌ಡೇಟ್ ಕಾಣದ, ಗೊತ್ತಿರೋ ತೂತುಗಳೆಲ್ಲ ಹಾಗೇ ಬಿದ್ದಿರೋ ಹಳೆ ಸಾಫ್ಟ್‌ವೇರ್‌ನಲ್ಲಿ ಆ ಬ್ಯಾಂಕ್ ಆಪ್ ಹಿಂದಿನ ವಾರದ ತನಕ ಆರಾಮಾಗಿ ಓಡ್ತಿತ್ತು. ತೂತು ಮುಚ್ಚಿದ ಮೇಲೆ "ಸುರಕ್ಷಿತವಲ್ಲ" ಅಂತು. ಹಾಗಾದ್ರೆ ಅಲ್ಲಿ ಪರೀಕ್ಷೆ ಮಾಡ್ತಿರೋದು ಸುರಕ್ಷತೆನಾ, ಇಲ್ಲ ಬೇರೆ ಏನನ್ನೋನಾ?

ಇದು ಅರ್ಥ ಆಗಬೇಕು ಅಂದ್ರೆ ಆಂಡ್ರಾಯ್ಡ್ ಎಷ್ಟು ಓಪನ್ ಅನ್ನೋದನ್ನ ನೋಡಬೇಕು. ಆಂಡ್ರಾಯ್ಡ್ ಕಂಪನಿಯನ್ನ ಗೂಗಲ್ ಕೊಂಡಿದ್ದು 2005ರಲ್ಲಿ. ಮೊದಲ ಫೋನ್ ಎಚ್‌ಟಿಸಿ ಡ್ರೀಮ್ ಬಂದಿದ್ದು 2008ರಲ್ಲಿ. ತಳದಲ್ಲಿರೋದು ಲಿನಕ್ಸ್, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಮೇಲಿನ ಬಹುಪಾಲು ಕೋಡ್ ಅನ್ನ ಗೂಗಲ್ ಅಪಾಚೆ ಲೈಸೆನ್ಸ್ ಅಡಿ ಬಿಟ್ಟುಕೊಟ್ಟಿದೆ. ಯಾರು ಬೇಕಾದ್ರೂ ತಗೋಬಹುದು, ತಿದ್ದಬಹುದು, ಮಾರಬಹುದು. ಇಷ್ಟು ಓಪನ್. ಆದರೆ ಪ್ಲೇ ಸ್ಟೋರ್, ಮ್ಯಾಪ್ಸ್, ಯೂಟ್ಯೂಬ್, ಜಿಮೇಲ್, ಇವೆಲ್ಲದರ ಹಿಂದೆ ಕೆಲಸ ಮಾಡೋ ಪ್ಲೇ ಸರ್ವಿಸಸ್, ಇವ್ಯಾವುದೂ ಓಪನ್ ಅಲ್ಲ. ಅಕ್ಕಿ ಫ್ರೀ, ಆದರೆ ಸಾಂಬಾರಿಗೆ ಅಗ್ರಿಮೆಂಟ್‌ಗೆ ಸೈನ್ ಹಾಕಬೇಕು. ಬರೀ ಅನ್ನ ಎಷ್ಟು ಜನ ತಿಂತಾರೆ?

ಓಪನ್ ಅಂದ ಮಾತಿನ ಬೆಲೆ ನಮ್ಮೂರ ಹುಡುಗರಿಗೆ ಮೊದಲೇ ಗೊತ್ತಿತ್ತು. 2011, 2012ರ ಹೊತ್ತಿಗೆ ಆಂಡ್ರಾಯ್ಡ್ ಫೋನ್‌ನಲ್ಲಿ ಕನ್ನಡ ಪುಟ ತೆಗೆದ್ರೆ ಡಬ್ಬ ಡಬ್ಬ ಕಾಣ್ತಿತ್ತು, ನೆನಪಿದೆಯಾ? ನನ್ನ ಚಿಕ್ಕಮ್ಮನ ಮಗ ಫೋನ್ ರೂಟ್ ಮಾಡಿ, ಕನ್ನಡ ಫಾಂಟ್ ತುರುಕಿ, ಪೇಪರ್ ಓದಿ ತೋರಿಸಿದ್ದ. ಒತ್ತಕ್ಷರ ಎಲ್ಲ ಪಕ್ಕಕ್ಕೆ ಜಾರಿಹೋಗಿದ್ವು, ಆದ್ರೂ ಓದಬಹುದಿತ್ತು. ಕಂಪನಿ ಕೊಡದೇ ಇದ್ದಿದ್ದನ್ನ ಹುಡುಗರು ಬೀಗ ಮುರಿದು ತಗೊಂಡಿದ್ದು. ಆಗ ಹಾಗೆ ಮಾಡಿದ್ರೆ ಬ್ಯಾಂಕ್ ಆಪ್ ನಿಲ್ಲುತ್ತೆ ಅನ್ನೋ ಚಿಂತೆ ಇರಲಿಲ್ಲ, ಯಾಕಂದ್ರೆ ನಮ್ಮ ಮನೆಯಲ್ಲಿ ಯಾರ ಹತ್ತಿರನೂ ಬ್ಯಾಂಕ್ ಆಪ್ ಇರಲಿಲ್ಲ.

ಈಗ ಒಂದು ಕಥೆ. ನನಗೆ ತುಂಬಾ ಇಷ್ಟವಾದ ಕಥೆ, ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ. ಸ್ಟೀವ್ ಕೊಂಡಿಕ್ ಅಂತ ಅಮೆರಿಕದ ಪ್ರೋಗ್ರಾಮರ್. ಆನ್‌ಲೈನ್‌ನಲ್ಲಿ ಅವನ ಅಡ್ಡಹೆಸರು ಸೈನೋಜೆನ್. ಎಚ್‌ಟಿಸಿ ಡ್ರೀಮ್‌ನ ಸಾಫ್ಟ್‌ವೇರ್ ತಿದ್ದಿ ತಿದ್ದಿ ಸೈನೋಜೆನ್‌ಮಾಡ್ ಅಂತ ಒಂದನ್ನ ಕಟ್ಟಿದ. ಜನ ಮುಗಿಬಿದ್ರು. 2009ರ ಸೆಪ್ಟೆಂಬರ್‌ನಲ್ಲಿ ಗೂಗಲ್‌ನಿಂದ ನೋಟಿಸ್ ಬಂತು. ಆಂಡ್ರಾಯ್ಡ್ ತಿದ್ದಿಕೋ, ತಕರಾರಿಲ್ಲ, ಆದರೆ ಅದರ ಜೊತೆ ನಮ್ಮ ಆಪ್‌ಗಳನ್ನ ಸೇರಿಸಿ ಹಂಚಬೇಡ ಅನ್ನೋದು ಅದರ ಸಾರಾಂಶ. ಕಾನೂನಿನ ಪ್ರಕಾರ ಗೂಗಲ್ ಹೇಳಿದ್ದು ಸರಿಯೇ. ಅವನು ಆಪ್‌ಗಳನ್ನ ತೆಗೆದ, ಯೋಜನೆ ಮುಂದುವರೀತು.

2013ರಲ್ಲಿ ಅದು ಕಂಪನಿ ಆಯ್ತು, ಸೈನೋಜೆನ್ ಇಂಕ್. ಹೂಡಿಕೆದಾರರ ದುಡ್ಡು ಬಂತು. ಎಷ್ಟೋ ಸ್ವಯಂಸೇವಕರು ರಾತ್ರಿ ನಿದ್ದೆಗೆಟ್ಟು ಬರೆದ ಕೋಡ್ ಮೇಲೆ ಬಿಸಿನೆಸ್ ನಿಂತಿತು. 2014ರಲ್ಲಿ ಒನ್‌ಪ್ಲಸ್ ಅನ್ನೋ ಹೊಸ ಚೀನೀ ಕಂಪನಿ ತನ್ನ ಮೊದಲ ಫೋನ್‌ನಲ್ಲಿ ಸೈನೋಜೆನ್ ಹಾಕಿತು. ಡಿಸೆಂಬರ್ ಆರಂಭದಲ್ಲಿ ಭಾರತಕ್ಕೂ ಬಂತು, ಬೆಲೆ 21,999 ರೂಪಾಯಿ, ಅದೂ ಇನ್ವೈಟ್ ಇದ್ರೆ ಮಾತ್ರ. ಆದರೆ ಅಷ್ಟು ಹೊತ್ತಿಗೆ ಸೈನೋಜೆನ್ ಕಂಪನಿ ಭಾರತದ ಮಟ್ಟಿಗೆ ಎಕ್ಸ್‌ಕ್ಲೂಸಿವ್ ಹಕ್ಕನ್ನ ನಮ್ಮದೇ ಮೈಕ್ರೋಮ್ಯಾಕ್ಸ್‌ಗೆ ಕೊಟ್ಟಾಗಿತ್ತು. ಆಗ ಮೈಕ್ರೋಮ್ಯಾಕ್ಸ್ ಅಂದ್ರೆ ಸಣ್ಣ ಹೆಸರಲ್ಲ, ದೇಶದ ದೊಡ್ಡ ಫೋನ್ ಕಂಪನಿಗಳಲ್ಲಿ ಒಂದು. ಯು ಅಂತ ಹೊಸ ಬ್ರ್ಯಾಂಡ್ ಮಾಡಿ, ಯುರೇಕಾ ಅನ್ನೋ ಫೋನ್ ಅನ್ನ 8,999ಕ್ಕೆ ತರೋಕೆ ಸಜ್ಜಾಗಿತ್ತು. ನಿಮ್ಮಲ್ಲಿ ಕೆಲವರ ಅಣ್ಣಂದಿರ ಹತ್ತಿರ ಇದ್ದಿರಬಹುದು.

ಮೈಕ್ರೋಮ್ಯಾಕ್ಸ್ ದೆಹಲಿ ಹೈಕೋರ್ಟ್‌ಗೆ ಹೋಯ್ತು. 2014ರ ಡಿಸೆಂಬರ್‌ನಲ್ಲಿ ಸೈನೋಜೆನ್ ಇರೋ ಫೋನ್‌ಗಳನ್ನ ಒನ್‌ಪ್ಲಸ್ ಭಾರತದಲ್ಲಿ ಮಾರಬಾರದು ಅಂತ ತಡೆ ಬಂತು. ಕೆಲವೇ ದಿನಗಳಲ್ಲಿ ದ್ವಿಸದಸ್ಯ ಪೀಠ ಆ ತಡೆ ತೆರವು ಮಾಡ್ತು ಅನ್ನಿ. ಆದರೆ ಒಂದು ನಿಮಿಷ ನಿಂತು ಯೋಚಿಸಿ. ಜಗತ್ತಿನ ಯಾರು ಬೇಕಾದ್ರೂ ಇಳಿಸಿಕೊಳ್ಳಬಹುದಾದ ಓಪನ್ ಸೋರ್ಸ್ ಕೋಡ್‌ನಿಂದ ಹುಟ್ಟಿದ ಒಂದು ಸಾಫ್ಟ್‌ವೇರ್. ಅದರ ಮೇಲೆ ಎರಡು ಕಂಪನಿಗಳು ದೆಹಲಿಯ ಕೋರ್ಟಲ್ಲಿ ಎಕ್ಸ್‌ಕ್ಲೂಸಿವ್ ಹಕ್ಕಿಗೆ ಜಗಳ. ಇದು ಹೇಗೆ ಸಾಧ್ಯ ಅಂದ್ರೆ, ಕೋಡ್ ಎಲ್ಲರದ್ದು, ಹೆಸರು ಕಂಪನಿದು. ಲೋಗೋ, ಟ್ರೇಡ್‌ಮಾರ್ಕ್, ಅಪ್‌ಡೇಟ್ ಕಳಿಸೋ ಸರ್ವರ್, ಇವೆಲ್ಲ ಕಂಪನಿ ಆಸ್ತಿ. ನಮ್ಮ ಅಕೌಂಟೆನ್ಸಿಯಲ್ಲಿ ಗುಡ್‌ವಿಲ್ ಅಂತೀವಲ್ಲ, ಕಣ್ಣಿಗೆ ಕಾಣಲ್ಲ ಆದರೆ ಬ್ಯಾಲೆನ್ಸ್ ಶೀಟ್‌ನಲ್ಲಿ ಇರುತ್ತೆ, ಅದು. ಒನ್‌ಪ್ಲಸ್‌ಗೆ ಪಾಠ ಆಯ್ತು, 2015ರಲ್ಲಿ ತನ್ನದೇ ಆಕ್ಸಿಜನ್ ಓಎಸ್ ಮಾಡಿಕೊಳ್ತು.

ಕಥೆಯ ಕೊನೆ ಇನ್ನೂ ಚೆನ್ನಾಗಿದೆ. ಗೂಗಲ್ ಕೈಯಿಂದ ಆಂಡ್ರಾಯ್ಡ್ ಕಿತ್ಕೊಳ್ತೀವಿ ಅಂತ ಮಾತಾಡ್ತಿದ್ದ ಸೈನೋಜೆನ್ ಇಂಕ್ 2016ರ ಡಿಸೆಂಬರ್ 31ಕ್ಕೆ ತನ್ನ ಸರ್ವಿಸ್ ಎಲ್ಲ ನಿಲ್ಲಿಸ್ತು. ಅಷ್ಟೊತ್ತಿಗೆ ಕೊಂಡಿಕ್ ಕೂಡ ಹೊರಗೆ ಬಂದಿದ್ದ. ಸರ್ವರ್ ಹೋಯ್ತು, ಹೆಸರೂ ಹೋಯ್ತು, ಅದು ಕಂಪನಿಯ ಆಸ್ತಿ ತಾನೆ. ಆದರೆ ಕೋಡ್ ಇತ್ತಲ್ಲ? ಅದೇ ಡಿಸೆಂಬರ್‌ನಲ್ಲಿ ಸ್ವಯಂಸೇವಕರು ಕೋಡ್ ತಗೊಂಡು ಬೇರೆ ಹೆಸರಿಟ್ಟು ಮುಂದುವರೆಸಿದ್ರು. ಆ ಹೆಸರೇ ಲೀನಿಯೇಜ್ ಓಎಸ್. ಯುರೇಕಾ ಈಗ ಎಲ್ಲಿದೆ? ಯು ಬ್ರ್ಯಾಂಡ್ ಎಲ್ಲಿದೆ? ಕಂಪನಿ ಮುಳುಗಿದ್ರೂ ಉಳಿದುಕೊಂಡಿದ್ದು ಆ ಕೋಡ್. ಕಳೆದ ವಾರ ಅರಸೀಕೆರೆಯಲ್ಲಿ ಅಮ್ಮನ ಫೋನ್‌ಗೆ ನಾನು ಹಾಕಿದ್ದು ಅದನ್ನೇ. ಓಪನ್ ಸೋರ್ಸ್‌ನಿಂದ ಏನ್ ಉಪಯೋಗ ಅಂತ ಯಾರಾದ್ರೂ ಕೇಳಿದ್ರೆ ನಾನು ಈ ಕಥೆ ಹೇಳ್ತೀನಿ. ಆಮೇಲೆ ಬ್ಯಾಂಕ್ ಆಪ್ ಕಥೆನೂ ಹೇಳಬೇಕಾಗುತ್ತೆ, ಅದು ಬೇರೆ ಮಾತು.

ಈಗ ದೊಡ್ಡ ಅಣ್ಣನ ಕಡೆ ಬರೋಣ. ನಮ್ಮ ದೇಶದಲ್ಲಿ ನೂರು ಸ್ಮಾರ್ಟ್‌ಫೋನ್ ತಗೊಂಡ್ರೆ ತೊಂಬತ್ತಕ್ಕೂ ಜಾಸ್ತಿ ಆಂಡ್ರಾಯ್ಡ್. ಫೋನ್ ಕಂಪನಿಗಳ ಜೊತೆ ಗೂಗಲ್ ಮಾಡಿಕೊಳ್ತಿದ್ದ ಒಪ್ಪಂದಗಳಲ್ಲಿ ಎರಡು ಮುಖ್ಯ. ಒಂದು, ಪ್ಲೇ ಸ್ಟೋರ್ ಬೇಕು ಅಂದ್ರೆ ನಮ್ಮ ಆಪ್‌ಗಳ ಪೂರ್ತಿ ಕಟ್ಟನ್ನೇ ಹಾಕಬೇಕು, ಕಣ್ಣಿಗೆ ಬೀಳೋ ಜಾಗದಲ್ಲೇ ಹಾಕಬೇಕು. ಇನ್ನೊಂದು, ತಿದ್ದಿದ ಆಂಡ್ರಾಯ್ಡ್ ಇರೋ ಬೇರೆ ಫೋನ್ ಮಾಡಿ ಮಾರಬಾರದು. ಯೂರೋಪ್‌ನಲ್ಲಿ ಇದಕ್ಕೆ 2018ರಲ್ಲೇ 434 ಕೋಟಿ ಯೂರೋ ದಂಡ ಬಿತ್ತು, ಆಮೇಲೆ ಕೋರ್ಟ್ ಸ್ವಲ್ಪ ಇಳಿಸ್ತು. ಇಲ್ಲಿ ನಮ್ಮ ಸ್ಪರ್ಧಾ ಆಯೋಗ, ಸಿಸಿಐ, 2022ರ ಅಕ್ಟೋಬರ್ 20ರಂದು 1,337.76 ಕೋಟಿ ರೂಪಾಯಿ ದಂಡ ಹಾಕಿತು. ದೂರು ಕೊಟ್ಟಿದ್ದು ಯಾವುದೋ ದೊಡ್ಡ ಪ್ರತಿಸ್ಪರ್ಧಿ ಕಂಪನಿ ಅಲ್ಲ, ಆಂಡ್ರಾಯ್ಡ್ ಬಳಸ್ತಿದ್ದ ಮೂವರು ಗ್ರಾಹಕರು.

ಸುದ್ದಿಯಲ್ಲಿ ಎಲ್ಲರೂ ದಂಡದ ಮೊತ್ತ ನೋಡಿದ್ರು. ನನಗೆ ಮುಖ್ಯ ಅನ್ನಿಸಿದ್ದು ಜೊತೆಗಿದ್ದ ಹತ್ತು ನಿರ್ದೇಶನಗಳು. 2023ರ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನ ಪೂರ್ತಿ ಎತ್ತಿಹಿಡೀತು, ಆದರೆ ಹತ್ತರಲ್ಲಿ ನಾಲ್ಕು ನಿರ್ದೇಶನಗಳನ್ನ ರದ್ದು ಮಾಡ್ತು. ಯಾವುವು ಗೊತ್ತಾ? ಮೊದಲೇ ಹಾಕಿ ಕೊಟ್ಟ ಗೂಗಲ್ ಆಪ್‌ಗಳನ್ನ ಬಳಕೆದಾರ ಕಿತ್ತುಹಾಕೋಕೆ ಬಿಡಬೇಕು ಅನ್ನೋದು ಒಂದು. ಪ್ಲೇ ಸ್ಟೋರ್ ಹೊರಗಿನಿಂದ ಆಪ್ ಹಾಕಿಕೊಳ್ಳೋಕೆ ಅಡ್ಡಿ ಮಾಡಬಾರದು ಅನ್ನೋದು ಇನ್ನೊಂದು. ಅಂದ್ರೆ ನಮ್ಮ ನಿಮ್ಮ ಬೆರಳಿಗೆ ನೇರವಾಗಿ ತಾಗೋವು. ದಂಡ ಸರ್ಕಾರದ ಖಜಾನೆಗೆ ಹೋಗುತ್ತೆ, ನಮ್ಮ ಫೋನ್‌ನಲ್ಲಿ ಆ ಐಕಾನ್ ಹಾಗೇ ಕೂತಿರುತ್ತೆ. ಹಾಗಂತ ಏನೂ ಬದಲಾಗಲಿಲ್ಲ ಅಂತಲ್ಲ. 2023ರ ಜನವರಿಯಲ್ಲಿ, ಫೋನ್ ಕಂಪನಿಗಳು ಗೂಗಲ್ ಆಪ್‌ಗಳನ್ನ ಕಟ್ಟಾಗಿ ಅಲ್ಲದೆ ಬಿಡಿಬಿಡಿಯಾಗಿ ತಗೋಬಹುದು, ಡೀಫಾಲ್ಟ್ ಸರ್ಚ್ ಇಂಜಿನ್ ಬಳಕೆದಾರರೇ ಆರಿಸಬಹುದು ಅಂತ ಗೂಗಲ್ ಭಾರತಕ್ಕೆ ಪ್ರಕಟಿಸ್ತು. ಅಮ್ಮನಿಗೆ ಸರ್ಚ್ ಇಂಜಿನ್ ಅಂದ್ರೇನು ಅಂತ ನಾನಿನ್ನೂ ಹೇಳಿಲ್ಲ, ಇರಲಿ.

ಮತ್ತೆ ಬ್ಯಾಂಕ್ ಆಪ್‌ಗೆ. ಇಂಥ ಆಪ್‌ಗಳು ತೆರೆದುಕೊಳ್ಳೋ ಮುಂಚೆ ಫೋನ್ ಹೇಗಿದೆ ಅಂತ ವಿಚಾರಿಸಬಹುದು. ಅದಕ್ಕೆ ಗೂಗಲ್ ಕೊಡೋ ಸೌಲಭ್ಯದ ಹೆಸರು ಪ್ಲೇ ಇಂಟೆಗ್ರಿಟಿ, ಮೊದಲು ಸೇಫ್ಟಿನೆಟ್ ಅಂತ ಇತ್ತು. ಬೂಟ್‌ಲೋಡರ್ ತೆಗೆದಿದೆಯಾ, ಇದು ಗೂಗಲ್ ಪ್ರಮಾಣೀಕರಿಸಿದ ಸಾಫ್ಟ್‌ವೇರಾ ಅಂತ ಅದು ಉತ್ತರ ಕೊಡುತ್ತೆ. ಉತ್ತರ ನೋಡಿ ಒಳಗೆ ಬಿಡೋದಾ ಬೇಡವಾ ಅನ್ನೋದು ಆಪ್ ಮಾಡಿದವರ ತೀರ್ಮಾನ. ಲೀನಿಯೇಜ್‌ಗೆ ಆ ಪ್ರಮಾಣಪತ್ರ ಇಲ್ಲ. ಕೆಲವು ಬ್ಯಾಂಕ್‌ಗಳು ಬಿಡ್ತಾವೆ, ಕೆಲವು ಬಿಡಲ್ಲ. ಇದನ್ನ ದಾಟೋ ಕಳ್ಳದಾರಿಗಳಿವೆ, ನನಗೂ ಗೊತ್ತು. ಇವತ್ತು ಕೆಲಸ ಮಾಡುತ್ತೆ, ನಾಳೆ ಇಲ್ಲ. ಅಮ್ಮನ ದುಡಿಮೆ ಇರೋ ಫೋನ್‌ನಲ್ಲಿ ಆ ಆಟ ಬೇಡ ಅನ್ನಿಸ್ತು.

ಬ್ಯಾಂಕಿನವರ ಮಾತನ್ನೂ ಹೇಳಬೇಕು. ವಾಟ್ಸಾಪ್‌ನಲ್ಲಿ ಮದುವೆ ಕರೆಯೋಲೆ ಅಂತ ಎಪಿಕೆ ಫೈಲ್ ಬರುತ್ತೆ, ಒತ್ತಿದ್ರೆ ಒಟಿಪಿ ಕದಿಯೋ ಆಪ್ ಒಳಗೆ ಕೂರುತ್ತೆ. ಟ್ರಾಫಿಕ್ ಫೈನ್ ಹೆಸರಲ್ಲೂ ಬರುತ್ತೆ. ದುಡ್ಡು ಹೋದ ಮೇಲೆ ಜನ ಬ್ಯಾಂಕ್ ಮುಂದೆಯೇ ನಿಲ್ಲೋದು. ಹಾಗಾಗಿ ಅನುಮಾನ ಬಂದ ಫೋನ್ ಬೇಡವೇ ಬೇಡ ಅನ್ನೋದು ಅವರಿಗೆ ಸುಲಭ. ನನಗೆ ಅದು ಅರ್ಥ ಆಗುತ್ತೆ. ಆದರೆ ಆ ಕರೆಯೋಲೆ ಆಪ್‌ಗೆ ಬೂಟ್‌ಲೋಡರ್ ತೆಗೆದಿರಬೇಕು ಅಂತೇನಿಲ್ಲ. ಅದು ಕಂಪನಿ ಕೊಟ್ಟ ಹಾಗೇ ಇರೋ, ಸರ್ಟಿಫಿಕೇಟ್ ಇರೋ ಫೋನ್‌ನಲ್ಲೇ ಕೂತು ದುಡ್ಡು ಹೊಡೀತಿದೆ.

ಮತ್ತೊಂದು ಬೆಳವಣಿಗೆ. 2025ರ ಮಾರ್ಚ್‌ನಿಂದ ಆಂಡ್ರಾಯ್ಡ್ ಕೋಡ್ ಬರೆಯೋ ಕೆಲಸವನ್ನ ಗೂಗಲ್ ಪೂರ್ತಿ ತನ್ನೊಳಗೇ ಮಾಡಿಕೊಂಡು, ಮುಗಿದ ಮೇಲೆ ಹೊರಗೆ ಬಿಡೋ ಪದ್ಧತಿಗೆ ಬಂತು. ಅದೇ ಆಗಸ್ಟ್‌ನಲ್ಲಿ ಇನ್ನೊಂದು ಘೋಷಣೆ. ಪ್ಲೇ ಸ್ಟೋರ್ ಹೊರಗಿನ ಆಪ್ ಆದ್ರೂ, ಅದನ್ನ ಮಾಡಿದವರು ಗೂಗಲ್ ಹತ್ತಿರ ಗುರುತು ನೋಂದಾಯಿಸಿರಬೇಕು, ಇಲ್ಲದಿದ್ರೆ ಪ್ರಮಾಣೀಕೃತ ಫೋನ್‌ನಲ್ಲಿ ಅದು ಇನ್‌ಸ್ಟಾಲ್ ಆಗಲ್ಲ. 2026ರ ಸೆಪ್ಟೆಂಬರ್‌ನಿಂದ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಾಪುರ, ಥಾಯ್ಲೆಂಡ್‌ನಲ್ಲಿ ಶುರು, ಆಮೇಲೆ ಎಲ್ಲ ಕಡೆ ಅನ್ನೋದು ಆಗ ಹೇಳಿದ ವೇಳಾಪಟ್ಟಿ. ಓಪನ್ ಸೋರ್ಸ್ ಆಪ್‌ಗಳ ಭಂಡಾರ ಎಫ್-ಡ್ರಾಯ್ಡ್ ಜೋರಾಗಿ ವಿರೋಧಿಸ್ತು. ಗಲಾಟೆ ಆದ ಮೇಲೆ, ಅನುಭವ ಇರೋ ಬಳಕೆದಾರರಿಗೆ ಒಂದು ಬೇರೆ ದಾರಿ ಇಡ್ತೀವಿ ಅಂತ ಗೂಗಲ್ ಹೇಳಿದೆ. ಮೋಸ ತಡೆಯೋಕೆ ಅನ್ನೋದೇ ಇದಕ್ಕೂ ಕಾರಣ. ಮೋಸ ನಿಜ. ಆದರೆ ಕಾಲೇಜಿನ ಹುಡುಗಿಯೊಬ್ಬಳು ತನ್ನೂರಿನ ಬಸ್ ಟೈಮಿಂಗ್ ಆಪ್ ಮಾಡಿ ಗೆಳತಿಯರಿಗೆ ಹಂಚೋಕೂ ಕ್ಯಾಲಿಫೋರ್ನಿಯಾದ ಕಂಪನಿಗೆ ಗುರುತಿನ ಚೀಟಿ ತೋರಿಸಬೇಕು ಅನ್ನೋದು ನನಗೆ ಗಂಟಲಲ್ಲಿ ಇಳೀತಿಲ್ಲ.

ಒಳ್ಳೇ ಸುದ್ದಿನೂ ಇದೆ. ಯೂರೋಪ್‌ನಲ್ಲಿ 2025ರ ಜೂನ್ 20ರಿಂದ ಹೊಸ ನಿಯಮ. ಒಂದು ಮಾಡೆಲ್ ಮಾರಾಟ ನಿಲ್ಲಿಸಿದ ಮೇಲೂ ಕನಿಷ್ಠ ಐದು ವರ್ಷ ಸಾಫ್ಟ್‌ವೇರ್ ಅಪ್‌ಡೇಟ್ ಕೊಡಬೇಕು. ಗೂಗಲ್, ಸ್ಯಾಮ್‌ಸಂಗ್ ತಮ್ಮ ದುಬಾರಿ ಫೋನ್‌ಗಳಿಗೆ ಏಳು ವರ್ಷದ ಭರವಸೆ ಕೊಡ್ತಿವೆ. ಅಂದರೆ ಮಾಡೋಕೆ ಆಗದ ಕೆಲಸ ಏನಲ್ಲ. ಎಂಬತ್ತು ಸಾವಿರ ಕೊಟ್ಟವರಿಗೆ ಏಳು ವರ್ಷ, ಹನ್ನೆರಡು ಸಾವಿರ ಕೊಟ್ಟ ಅಮ್ಮನಿಗೆ ಎರಡು.

ಕೊನೆಗೆ ಏನಾಯ್ತು? ಬುಧವಾರ ಹೋಗಿ ಅಮ್ಮನಿಗೆ ಹೊಸ ಫೋನ್ ತಂದೆ. ಇಷ್ಟೆಲ್ಲ ಭಾಷಣ ಬಿಗಿಯೋ ನಾನೇ. ಹಳೇದರಲ್ಲಿ ನಾನು ಈಗ ಈ ಎಪಿಸೋಡ್ ರೆಕಾರ್ಡ್ ಮಾಡ್ತಿದ್ದೀನಿ, ಮೈಕ್ ಚೆನ್ನಾಗಿದೆ ಅಲ್ವಾ?

ಹೊಸ ಫೋನ್ ಡಬ್ಬ ಬಿಚ್ಚುವಾಗ ಅಮ್ಮ ಕೇಳಿದ್ರು, "ಇದಾದ್ರೂ ಎಷ್ಟು ವರ್ಷ ಬರುತ್ತೋ?" ಡಬ್ಬ ತಿರುಗಿಸಿ ತಿರುಗಿಸಿ ಓದಿದೆ. ಎಂಆರ್‌ಪಿ ಇತ್ತು, ತಯಾರಾದ ತಿಂಗಳು ಇತ್ತು, ರೇಡಿಯೇಷನ್‌ನ ಸಾರ್ ಅಂಕಿ ಇತ್ತು, ಗ್ರಾಹಕ ಸೇವೆಯ ನಂಬರ್ ಇತ್ತು. ಅಪ್‌ಡೇಟ್ ಯಾವ ತಾರೀಕಿನ ತನಕ ಅಂತ ಎಲ್ಲೂ ಇರಲಿಲ್ಲ. ಹತ್ತು ರೂಪಾಯಿಯ ಬಿಸ್ಕೆಟ್ ಪೊಟ್ಟಣದ ಮೇಲೂ ಯಾವತ್ತಿನ ತನಕ ಅಂತ ಇರುತ್ತೆ.

ನಿಮಗೊಂದು ಕೆಲಸ. ಸೆಟ್ಟಿಂಗ್ಸ್‌ನಲ್ಲಿ ಅಬೌಟ್ ಫೋನ್, ಅದರೊಳಗೆ ಆಂಡ್ರಾಯ್ಡ್ ವರ್ಷನ್ ಒತ್ತಿ ನೋಡಿ, ಕೊನೆಯ ಸೆಕ್ಯುರಿಟಿ ಅಪ್‌ಡೇಟ್ ತಾರೀಕು ಸಿಗುತ್ತೆ. ನಿಮ್ಮದಲ್ಲ, ನಿಮ್ಮ ಅಪ್ಪನದೋ ಅಮ್ಮನದೋ ಅಜ್ಜಿದೋ ಫೋನ್‌ನಲ್ಲಿ ನೋಡಿ. ಆ ತಾರೀಕು ಹೇಳಿ ವಾಯ್ಸ್ ನೋಟ್ ಕಳಿಸಿ. ಮುಂದಿನ ವಾರ ಕೆಲವನ್ನ ಇಲ್ಲಿ ಕೇಳಿಸ್ತೀನಿ.